ಇಸ್ತ್ರಿ ನಿಲ್ಲದ ಬಟ್ಟೆ

ಕಲಬುರಗಿಯಲ್ಲಿ ಹುಟ್ಟಿ ಬೆಳೆದು ಮಂಗಳೂರಿಗೆ ಬಂದು ಸೇರಿದವರಿಗೆ ಬೇಸಿಗೆಯಲ್ಲಿ ಎರಡು ಜಾತಿ ಇದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯದು ಬಿಸಿಲು, ಇಲ್ಲಿಯದು ಸೆಕೆ. ಅಲ್ಲಿ ಏಪ್ರಿಲ್ ಕೊನೆಗೆ 42 ಡಿಗ್ರಿ ದಾಟಿದರೂ ಬೆವರು ಕಣ್ಣಿಗೆ ಬೀಳುವುದು ಕಡಿಮೆ. ಬಂದದ್ದು ಬಂದ ಹಾಗೇ ಆರಿಹೋಗಿರುತ್ತದೆ. ಸಂಜೆ ಬ್ಲೌಸ್ ಒಗೆಯಲು ಹಾಕುವಾಗ ಬೆನ್ನಿನ ಕಡೆ ಉಪ್ಪಿನ ಬಿಳಿ ಗೆರೆ ಕಂಡಾಗಲೇ ಎಷ್ಟು ಬೆವರಿದ್ದೆ ಅಂತ ಗೊತ್ತಾಗುವುದು. ಇಲ್ಲಿ 34 ಡಿಗ್ರಿಗೇ ಸೋತು ಸುಣ್ಣವಾಗುತ್ತೇನೆ. ಸ್ನಾನ ಮುಗಿಸಿ ಮೈ ಒರೆಸುತ್ತಿರುವಾಗ, ಒರೆಸುತ್ತಿರುವುದು ನೀರೋ ಬೆವರೋ ತಿಳಿಯುವುದಿಲ್ಲ.

ಹಾಗಾಗಿ "ಬೇಸಿಗೆಗೆ ಲಿನನ್ ಒಳ್ಳೆಯದಾ?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಯಾವ ಊರಿನ ಬೇಸಿಗೆಗೆ ಅಂತ.

ಈಗಂತೂ ಎಲ್ಲಿ ನೋಡಿದರೂ ಲಿನನ್. ಮಾರ್ಚ್ ಬಂತು ಅಂದರೆ ಬಟ್ಟೆ ಅಂಗಡಿಯ ಗಾಜಿನ ಹಿಂದಿನ ಬೊಂಬೆಗಳೆಲ್ಲ ತಿಳಿ ನೀಲಿ, ಗೋಧಿ ಬಣ್ಣದ ಅಂಗಿ ತೊಟ್ಟು ನಿಲ್ಲುತ್ತವೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ವಾರಕ್ಕೆ ಒಂದಾದರೂ ಹೊಸ ಲಿನನ್ ಸೀರೆಯ ಮುಹೂರ್ತ ನಡೆಯುತ್ತದೆ. "ಇದನ್ನು ಉಟ್ಟರೆ ಮೈಮೇಲೆ ಏಸಿ ಹಾಕಿಕೊಂಡ ಹಾಗೆ ಮೇಡಂ" ಅನ್ನುವ ಸೇಲ್ಸ್‌ಮನ್‌ಗಳಂತೂ ಪ್ರತಿ ಅಂಗಡಿಯಲ್ಲೂ ಇದ್ದಾರೆ. ನಾನೂ ಉಡುತ್ತೇನೆ, ಇಷ್ಟಪಟ್ಟೇ ಉಡುತ್ತೇನೆ. ಆದರೆ ಲಿನನ್‌ಗೆ ನಾವು ಕೊಡುತ್ತಿರುವ ಹೊಗಳಿಕೆಯಲ್ಲಿ ಅರ್ಧ ಬೇರೆಯವರಿಗೆ ಸೇರಬೇಕಾದದ್ದು ಅಂತ ನನ್ನ ಅನಿಸಿಕೆ. ನೇಯ್ಗೆಯ ಸಂದಿಗೆ, ಸಡಿಲ ಹೊಲಿಗೆಗೆ, ಒಳಗೆ ಏನು ತೊಟ್ಟಿದ್ದೇವೆ ಅನ್ನೋದಕ್ಕೆ. ಮತ್ತೆ, ಸುಕ್ಕು ಬಿದ್ದ ಬಟ್ಟೆಯಲ್ಲಿ ನಾಲ್ಕು ಜನರ ಮುಂದೆ ಓಡಾಡುವ ಧೈರ್ಯಕ್ಕೆ.

ಮೈ ತಂಪಾಗುವುದು ಬೆವರು ಬಂದಾಗ ಅಲ್ಲ, ಬಂದ ಬೆವರು ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಅದೇ ಒಂದು ಲೀಟರ್ ಹನಿಹನಿಯಾಗಿ ನೆಲಕ್ಕೆ ಬಿದ್ದರೆ ಏನೂ ಉಪಯೋಗವಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಕಾವು ಮಾತ್ರ ಹಾಗೇ ಉಳಿಯಿತು. ಕರಾವಳಿಯ ಗೋಳು ಇದೇ. ಸಮುದ್ರದ ಗಾಳಿಯಲ್ಲಿ ಮೊದಲೇ ನೀರು ತುಂಬಿಕೊಂಡಿರುತ್ತದೆ. ನಮ್ಮ ಬೆವರಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಇಂಥ ಕಡೆ ಬಟ್ಟೆ ಮಾಡಬಹುದಾದ ಸಹಾಯ ಒಂದೇ. ಮೈಗೆ ಅಂಟದೆ ದೂರ ನಿಂತು, ಇರುವ ಚೂರುಪಾರು ಗಾಳಿಗೆ ದಾರಿ ಬಿಡುವುದು.

ಲಿನನ್ ಇದರಲ್ಲಿ ನಿಜಕ್ಕೂ ಜಾಣ. ಜವಳಿ ಪ್ರಯೋಗಾಲಯಗಳಲ್ಲಿ ಒಂದು ಅಳತೆ ಇದೆ. 20 ಡಿಗ್ರಿ, 65 ಶೇಕಡಾ ತೇವದ ಗಾಳಿಯಲ್ಲಿ ಒಣ ನಾರು ಎಷ್ಟು ನೀರು ಹೀರಿಕೊಂಡು ಇರುತ್ತದೆ ಅಂತ ನೋಡುತ್ತಾರೆ. ನೂರು ಗ್ರಾಂ ಲಿನನ್‌ನಲ್ಲಿ ಸುಮಾರು 12 ಗ್ರಾಂ, ಹತ್ತಿಯಲ್ಲಿ ಎಂಟರ ಆಸುಪಾಸು, ಪಾಲಿಯೆಸ್ಟರ್‌ನಲ್ಲಿ ಅರ್ಧ ಗ್ರಾಂ ಕೂಡ ಇಲ್ಲ. ಅಂದರೆ ಸ್ವಲ್ಪ ಬೆವರಿದರೂ ಲಿನನ್ ಒದ್ದೆ ಅನಿಸುವುದಿಲ್ಲ. ಆದರೆ ಸಾರ್ವಜನಿಕ ಬಸ್ಸಿನಲ್ಲಿ ನಿಂತುಕೊಂಡು ಹೋಗುವವರಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಗುಣ ಇದೆ. ಅದು ಆ ನಾರಿನ ಬಿಗುಮಾನ. ಲಿನನ್ ಆಗುವುದು ಅಗಸೆ ಗಿಡದ ನಾರಿನಿಂದ. ಆ ನಾರು ಸುಲಭಕ್ಕೆ ಬಗ್ಗುವುದಿಲ್ಲ, ಹಿಗ್ಗುವುದಿಲ್ಲ. ಅದರ ಬಟ್ಟೆ ಮೈಯ ಏರಿಳಿತಕ್ಕೆ ಒತ್ತಿಕೊಳ್ಳದೆ ತನ್ನ ಪಾಡಿಗೆ ತಾನು ನಿಂತಿರುತ್ತದೆ. ಆ ಸಂದಿಯಲ್ಲೇ ಗಾಳಿ ಆಡುವುದು.

ಈ ಬಿಗುಮಾನ ಸೀರೆ ಉಡುವಾಗ ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಹೊಸ ಲಿನನ್ ಸೀರೆಗೆ ನೆರಿಗೆ ಹಿಡಿಯಲು ಕೂತರೆ ಬೆಳಗಿನ ಕಾಫಿ ಆರಿ ನೀರಾಗುತ್ತದೆ. ಮೊದಲನೇ ನೆರಿಗೆ ಸರಿಯಾಗಿ ಬಿತ್ತು ಅನ್ನುವಾಗ ಮೂರನೆಯದು ಬಿಚ್ಚಿಕೊಂಡಿರುತ್ತದೆ. ಸೊಂಟಕ್ಕೆ ಸಿಕ್ಕಿಸಿದ ಮೇಲೂ ಕೆಳಗೆ ಬೀಸಣಿಗೆ ಬಿಚ್ಚಿದ ಹಾಗೆ ಅಗಲವಾಗಿ ನಿಲ್ಲುತ್ತದೆ. ಸೆರಗನ್ನು ಹೆಗಲ ಮೇಲೆ ಮಡಚಿ ಪಿನ್ ಹಾಕಿದರೆ ಅಲ್ಲೊಂದು ಸಣ್ಣ ಗುಡ್ಡ ಏಳುತ್ತದೆ. ಬಿಟ್ಟ ಸೆರಗೇ ವಾಸಿ. ಮಧ್ಯಾಹ್ನದ ಹೊತ್ತಿಗೆ ಕೂತು ಎದ್ದು ನೆರಿಗೆ ತನ್ನಿಂದ ತಾನೇ ಸೋತು ಕೆಳಗಿಳಿಯುತ್ತದೆ. ಆಮೇಲೆ ಉಟ್ಟಿದ್ದೇ ಮರೆತುಹೋಗುವಷ್ಟು ಹಗುರ.

ಆದರೆ ಒಳಗೆ ಏನಿದೆ? ಇದನ್ನು ಯಾರೂ ಮಾತಾಡುವುದಿಲ್ಲ. ಈಚೆಗೆ ನಮ್ಮಲ್ಲಿ ತುಂಬಾ ಜನ ಸೀರೆ ಒಳಗೆ ಮೈಗೆ ಬಿಗಿಯಾಗಿ ಅಂಟುವ ಶೇಪ್‌ವೇರ್ ತೊಡುತ್ತಾರೆ. ಸೀರೆ ನೀಟಾಗಿ ಕೂರುತ್ತದೆ, ತೆಳ್ಳಗೆ ಕಾಣುತ್ತೇವೆ, ಎಲ್ಲ ಸರಿ. ಅದು ಸಾಮಾನ್ಯವಾಗಿ ನೈಲಾನ್, ಪಾಲಿಯೆಸ್ಟರ್, ಸ್ಪಾಂಡೆಕ್ಸ್ ಕಲಸಿದ ಹೆಣಿಗೆ. ಸೊಂಟದಿಂದ ಮಂಡಿಯ ಕೆಳಗಿನ ತನಕ ಪ್ಲಾಸ್ಟಿಕ್ ಸುತ್ತಿಕೊಂಡು, ಅದರ ಮೇಲೆ ಆರೇಳು ಸಾವಿರದ ಲಿನನ್ ಸೀರೆ ಉಟ್ಟು "ಅಯ್ಯೋ, ಇದೂ ಸೆಕೆಯೇ" ಅಂದರೆ ಪಾಪ ಸೀರೆ ಏನು ಮಾಡೀತು? ಗಂಡಸರ ಕಥೆಯೂ ಅಷ್ಟೇ. ಲಿನನ್ ಶರ್ಟಿನ ಕೆಳಗೆ ದಪ್ಪ ಜೀನ್ಸು, ಮೇಲೆ ಬೆಲ್ಟು. ಹಳೇ ಕಾಲದ ಲಾಡಿ ಕಟ್ಟುವ ಹತ್ತಿ ಪೆಟಿಕೋಟ್ ತೊಟ್ಟು ಸಾಧಾರಣ ಸೀರೆ ಉಟ್ಟವಳು, ಶೇಪ್‌ವೇರ್ ಮೇಲೆ ಲಿನನ್ ಉಟ್ಟವಳಿಗಿಂತ ಆರಾಮಾಗಿರುತ್ತಾಳೆ. ಇದು ನಾನು ಎರಡನ್ನೂ ಮಾಡಿ ನೋಡಿ ಹೇಳುತ್ತಿರುವ ಮಾತು.

ಸಾಧಾರಣ ಸೀರೆ ಅಂದೆನಲ್ಲ, ಇಲ್ಲೇ ನಮ್ಮ ಪಕ್ಕದಲ್ಲಿ ಒಂದು ಅಸಾಧಾರಣ ಸೀರೆ ಇದೆ. ಉಡುಪಿ ಸೀರೆ. ಕೈಮಗ್ಗದ ಹತ್ತಿ ಸೀರೆ, ಸಣ್ಣ ಅಂಚು, ತೂಕವೇ ಇಲ್ಲ. ನೇಯುವವರು ಮುಗಿದೇ ಹೋದರು ಅನ್ನುವ ಸ್ಥಿತಿಗೆ ಬಂದಿತ್ತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಕಾರ್ಕಳದ ಕದಿಕೆ ಟ್ರಸ್ಟ್ ಸೇರಿ ಮತ್ತೆ ಮಗ್ಗ ಎಬ್ಬಿಸಿದವು. ಈಗ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಗುರುತೂ ಇದೆ. ಈ ಊರಿನ ಸೆಕೆಯನ್ನು ತಲೆಮಾರುಗಳಿಂದ ಉಂಡವರು ಈ ಊರಿನವರಿಗೇ ನೇಯ್ದ ಸೀರೆ ಅದು. ಏಪ್ರಿಲ್ ತಿಂಗಳಲ್ಲಿ ನನಗೆ ಲಿನನ್ ಬೇಕೋ ಉಡುಪಿ ಸೀರೆ ಬೇಕೋ ಅಂದರೆ, ಸೀರೆಯ ಮಟ್ಟಿಗೆ ಉಡುಪಿಯೇ ಸಾಕು ಅನ್ನುತ್ತೇನೆ. ಬೆಲೆಯೂ ಕಡಿಮೆ. ಒಂದೇ ಒಂದು ಮಾತು. ಊರಲ್ಲಿ ನಮ್ಮಮ್ಮ ಹಾಕುವ ಹಾಗೆ ಅದಕ್ಕೆ ಖಡಕ್ ಗಂಜಿ ಹಾಕಬಾರದು. ಕಲಬುರಗಿಯ ಒಣ ಹವೆಯಲ್ಲಿ ಗಂಜಿ ಹಾಕಿದ ಸೀರೆ ರಾತ್ರಿವರೆಗೂ ಗರಿಗರಿಯಾಗಿರುತ್ತದೆ. ಇಲ್ಲಿ ಹತ್ತು ಗಂಟೆಗೆ ಬೆವರು ತಾಗಿ ಗಂಜಿ ಅಂಟಂಟಾಗುತ್ತದೆ, ನೂಲಿನ ನಡುವಿನ ಸಂದಿಯೂ ಮುಚ್ಚಿಹೋಗುತ್ತದೆ. ಲಿನನ್‌ಗೂ ಅಷ್ಟೇ, ಗಂಜಿ ಬೇಡವೇ ಬೇಡ.

ಇನ್ನು ನಮ್ಮ ಕಲಬುರಗಿ ಕಡೆಯ ಬಿಸಿಲು. ಅಲ್ಲಿ ಬೆವರು ಆರುವುದು ಕಷ್ಟವಲ್ಲ, ನೆತ್ತಿ ಮೇಲೆ ಸುರಿಯುವ ಕಾವನ್ನು ತಡೆಯುವುದು ಕಷ್ಟ. ಹೊಲಕ್ಕೆ ಹೋಗುವ ಹಳೆಯ ಮಂದಿಯ ಉಡುಪು ನೋಡಿ. ದೊಗಳೆ ಧೋತರ, ಮೊಣಕಾಲಿಗೆ ಬರುವ ತುಂಬುತೋಳಿನ ನೆಹರು ಶರ್ಟು, ತಲೆಗೆ ಮೂರ್ನಾಲ್ಕು ಸುತ್ತಿನ ಪಟಗ. ಪೇಟೆಯವರಿಗೆ ಇದು ಹುಚ್ಚು ಅನಿಸಬಹುದು. ಇಷ್ಟು ಬಿಸಿಲಲ್ಲಿ ಇಷ್ಟೊಂದು ಬಟ್ಟೆಯಾ ಅಂತ. ಆದರೆ ಹೊರಗಿನ ಗಾಳಿ ಮೈಯಿಗಿಂತ ಬಿಸಿಯಾಗಿರುವಾಗ ಬರಿಮೈ ಬಿಟ್ಟರೆ ಕಾವು ಒಳಗೆ ಬರುತ್ತದೆಯೇ ಹೊರತು ಹೋಗುವುದಿಲ್ಲ. 1980ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಸ್ವಾರಸ್ಯದ ಲೇಖನ ಬಂದಿತ್ತು. ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಅನ್ನೋದು ಪ್ರಶ್ನೆ. ಅದನ್ನು ತೊಡಿಸಿ ಬಿಸಿಲಲ್ಲಿ ನಿಲ್ಲಿಸಿ ಅಳೆದು ನೋಡಿದರು. ಕಪ್ಪು ಬಟ್ಟೆ ಜಾಸ್ತಿ ಬಿಸಿಯಾಗಿದ್ದು ನಿಜ. ಆದರೆ ಚರ್ಮಕ್ಕೆ ತಲುಪಿದ ಕಾವು ಕಪ್ಪು ನಿಲುವಂಗಿಯಲ್ಲೂ ಬಿಳಿಯದರಲ್ಲೂ ಒಂದೇ ಇತ್ತು. ಹೆಚ್ಚಿನ ಕಾವು ದಾರಿಯಲ್ಲೇ ಗಾಳಿಗೆ ಹೋಗಿತ್ತು. ಅಂದರೆ ಬಣ್ಣಕ್ಕಿಂತ ಸಡಿಲವೇ ದೊಡ್ಡದು. ಇದನ್ನು ಓದಿದ ಮೇಲೆ ಬೇಸಿಗೆಯಲ್ಲಿ ಬಿಳಿ, ತಿಳಿ ಬಣ್ಣವೇ ಬೇಕು ಅನ್ನುವ ಹಟ ಬಿಟ್ಟಿದ್ದೇನೆ. ಕಡುನೀಲಿ ಲಿನನ್ ಕುರ್ತಾ, ದೊಗಳೆಯಾಗಿದ್ದರೆ, ಏನೂ ತೊಂದರೆ ಕೊಡುವುದಿಲ್ಲ. ಹಾಂ, ಬಿಗಿಯಾದ ಕಪ್ಪು ಟೀ ಶರ್ಟಿಗೆ ಈ ಮಾತು ಅನ್ವಯಿಸುವುದಿಲ್ಲ.

ಕಲಬುರಗಿಗೆ ಲಿನನ್ ಬೇಕೇ ಬೇಕು ಅಂತಿಲ್ಲ, ಸಡಿಲವಾದ ಖಾದಿ ಅದೇ ಕೆಲಸ ಮಾಡುತ್ತದೆ. ತಮಾಷೆ ಅಂದರೆ ಲಿನನ್ ಗಿಡ ಇರುವುದು ಅಲ್ಲೇ. ಅಗಸಿ. ಜೋಳದ ರೊಟ್ಟಿ ಜೊತೆ ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ತಿಂದು ಬೆಳೆದ ನಮಗೆ ಆ ಗಿಡದ ಬೀಜ ಗೊತ್ತು, ಎಣ್ಣೆ ಗೊತ್ತು, ದಂಟು ಏನಾಗುತ್ತದೆ ಅಂತ ಯಾರೂ ಯೋಚಿಸಿಲ್ಲ. ಹಿಂಗಾರಿನಲ್ಲಿ ಕರಿಭೂಮಿಯಲ್ಲಿ ಬಿತ್ತುತ್ತಾರೆ. ಬೆಳಿಗ್ಗೆ ಹೋದರೆ ಹೊಲ ನೀಲಿ. ಮಧ್ಯಾಹ್ನ ಹೋದರೆ ಎಸಳೆಲ್ಲ ಉದುರಿ ಬರೀ ಹಸಿರು. ಆ ಗಿಡ ಕುಳ್ಳು, ಮೇಲೆ ಕವಲು ಜಾಸ್ತಿ. ಬೀಜಕ್ಕೆ ಬೇಕಾದದ್ದೂ ಅದೇ.

ಬಟ್ಟೆಯ ಅಗಸೆಯೂ ಅದೇ ಸಸ್ಯ, ತಳಿ ಬೇರೆ. ಸೊಂಟದೆತ್ತರಕ್ಕೆ ನೆಟ್ಟಗೆ ಬೆಳೆಯುತ್ತದೆ. ಕವಲೊಡೆಯದಿರಲಿ ಅಂತಲೇ ಒತ್ತೊತ್ತಾಗಿ ಬಿತ್ತುತ್ತಾರೆ. ಅದರ ದೊಡ್ಡ ನಾಡು ಫ್ರಾನ್ಸಿನ ನಾರ್ಮಂಡಿಯಿಂದ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ತನಕದ ಕಡಲಂಚು. ಮಾರ್ಚ್, ಏಪ್ರಿಲ್‌ನಲ್ಲಿ ಬಿತ್ತಿದರೆ ನೂರು ದಿನದ ಆಸುಪಾಸಿನಲ್ಲಿ ಕಟಾವು. ಕಟಾವು ಅನ್ನೋದು ಮಾತಿಗೆ ಅಷ್ಟೇ, ಕುಡುಗೋಲು ತಾಗಿಸುವುದಿಲ್ಲ. ನಾರಿನ ಉದ್ದ ಹಾಳಾಗಬಾರದು ಅಂತ ಬೇರುಸಹಿತ ಕೀಳುತ್ತಾರೆ. ಕಿತ್ತದ್ದನ್ನು ಹೊಲದಲ್ಲೇ ಸಾಲಾಗಿ ಮಲಗಿಸಿ ವಾರಗಟ್ಟಲೆ ಬಿಡುತ್ತಾರೆ. ರಾತ್ರಿ ಇಬ್ಬನಿ, ಹಗಲು ಬಿಸಿಲು, ನಡುವೆ ಒಂದಿಷ್ಟು ಮಳೆ. ಇದರಲ್ಲಿ ಬೂಸುಗಳು ಹುಟ್ಟಿ, ನಾರನ್ನು ದಂಟಿಗೆ ಅಂಟಿಸಿದ್ದ ಪೆಕ್ಟಿನ್ ಅನ್ನೋ ಗೋಂದನ್ನು ತಿಂದು ಬಿಡಿಸುತ್ತವೆ. ಒಂದು ವಾರ ಹೆಚ್ಚು ಕೊಳೆತರೆ ನಾರೇ ಹೋಯಿತು, ಕಡಿಮೆಯಾದರೆ ದಂಟು ಬಿಡುವುದಿಲ್ಲ. ಆಮೇಲೆ ದಂಟನ್ನು ಜಜ್ಜಿ, ಬಾಚಿ, ನಾರು ತೆಗೆಯುತ್ತಾರೆ. ನಮ್ಮಲ್ಲಿ ಅಗಸಿ ರಾಶಿ ಮಾಡುವ ಹೊತ್ತಿಗೆ ಫೆಬ್ರವರಿ ಬಿಸಿಲು ಏರಿರುತ್ತದೆ. ಅಂಥ ಇಬ್ಬನಿ ಎಲ್ಲಿಂದ ತರೋಣ?

ಹಾಗಾಗಿ ಹಿಂಡಿ ನಮ್ಮದು, ಅಂಗಿ ಅವರದು. ಭಾರತದಲ್ಲಿ ಲಿನನ್ ನೂಲುವ ದೊಡ್ಡ ಗಿರಣಿ ಪಶ್ಚಿಮ ಬಂಗಾಳದ ರಿಷ್ರಾದಲ್ಲಿದೆ, ಆದಿತ್ಯ ಬಿರ್ಲಾ ಗುಂಪಿನ ಜಯಶ್ರೀ ಟೆಕ್ಸ್‌ಟೈಲ್ಸ್. ಲಿನನ್ ಕ್ಲಬ್ ಅನ್ನುವ ಹೆಸರು ಅವರದೇ. ನಾರು ಬರುವುದು ಮಾತ್ರ ಯುರೋಪಿನಿಂದ. ಸೀರೆಗಳು ಬಿಹಾರದ ಭಾಗಲ್ಪುರ, ಬಂಗಾಳದ ಫುಲಿಯಾ ಕಡೆ ಮಗ್ಗಗಳಿಂದ ಬರುತ್ತವೆ. ಬೆಲೆ ಏರುವುದು ಸುಮ್ನೆ ಅಲ್ಲ.

ಅಂಗಡಿಯಲ್ಲಿ "60 ಲೀ, 100 ಲೀ" (lea) ಅಂತ ಹೇಳುತ್ತಾರಲ್ಲ, ಅದು ನೂಲು ಎಷ್ಟು ಸಣ್ಣ ಅನ್ನುವ ಅಳತೆ. ಒಂದು ಪೌಂಡ್ ನೂಲಿನಲ್ಲಿ 300 ಗಜದ ಎಷ್ಟು ಲಡಿ ಸಿಗುತ್ತವೆ ಅನ್ನುವ ಲೆಕ್ಕ. 60 ಲೀ ಅಂದರೆ ಅರ್ಧ ಕಿಲೋಗೂ ಕಡಿಮೆ ನೂಲಿನಲ್ಲಿ 16 ಕಿಲೋಮೀಟರ್‌ಗೂ ಮೀರಿದ ಉದ್ದ. ಸಂಖ್ಯೆ ಏರಿದಷ್ಟೂ ನೂಲು ಸಣ್ಣ, ಬೆಲೆ ಜಾಸ್ತಿ. ಶರ್ಟಿಗೆ 60 ಸಾಕು, ಪ್ಯಾಂಟಿಗೆ 40ರ ಆಸುಪಾಸು, ಸೀರೆಗೆ ನೂರರ ಹತ್ತಿರದ್ದು. ಹೆಚ್ಚು ಸಂಖ್ಯೆ ಅಂದರೆ ಹೆಚ್ಚು ತಂಪು ಅಂತೇನೂ ಇಲ್ಲ. ಸಣ್ಣ ನೂಲನ್ನು ಒತ್ತಾಗಿ ನೇಯ್ದರೆ ಗಾಳಿ ನುಸುಳುವುದೇ ಇಲ್ಲ. ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ನೋಡಿ, ನೇಯ್ಗೆಯ ಸಂದಿಯಲ್ಲಿ ಬೆಳಕು ಕಾಣಬೇಕು. ನಾನು ಬ್ರಾಂಡ್ ಕೇಳುವ ಮೊದಲು ಮಾಡುವುದು ಇದನ್ನೇ.

"ಲಿನನ್ ಫೀಲ್", "ಲಿನನ್ ಲುಕ್", "ಲಿನನ್ ಬ್ಲೆಂಡ್" ಅಂತ ಬರೆದದ್ದು ಕಂಡರೆ ಚೀಟಿಯನ್ನು ಪೂರ್ತಿ ಓದಿ. ಅಲ್ಲಲ್ಲಿ ಗಂಟು ಬಂದ ಹಾಗೆ ನೇಯ್ದ ಪಾಲಿಯೆಸ್ಟರ್ ದೂರದಿಂದ ಲಿನನ್ ಥರವೇ ಕಾಣುತ್ತದೆ. ಅನುಮಾನ ಬಂದರೆ ಅಂಚಿನ ನಾಲ್ಕು ಎಳೆ ಕಿತ್ತು ಚಿಮುಟದಲ್ಲಿ ಹಿಡಿದು ಬೆಂಕಿ ತಾಗಿಸಬೇಕು. ಲಿನನ್ ಆದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕೂಡ ಕಾಗದದ ಹಾಗೇ ಉರಿಯುತ್ತದೆ, ಅದನ್ನು ಈ ಪರೀಕ್ಷೆ ಹಿಡಿಯುವುದಿಲ್ಲ. ಹತ್ತಿ ಕಲಸಿದ್ದರೆ ಬೆಲೆಯಲ್ಲಿ ಮೋಸ ಹೋಗಬಹುದು, ಸೆಕೆಯಲ್ಲಿ ಅಲ್ಲ.

ಇಷ್ಟೆಲ್ಲ ಆದ ಮೇಲೂ ಲಿನನ್‌ಗೆ ನಮ್ಮಲ್ಲಿ ನಿಜವಾದ ಶತ್ರು ಒಂದೇ, ಇಸ್ತ್ರಿಯ ಮೇಲಿನ ನಮ್ಮ ಮೋಹ. ಬಗ್ಗಿದರೆ ಮತ್ತೆ ನೆಟ್ಟಗಾಗದ ನಾರು ಅದು. ಮೈಗೆ ಅಂಟದಿರಲು ಕಾರಣವಾದ ಬಿಗುಮಾನವೇ ಸುಕ್ಕಿಗೂ ಕಾರಣ. ಒಂದು ಬೇಕು, ಇನ್ನೊಂದು ಬೇಡ ಅಂದರೆ ಆಗುವುದಿಲ್ಲ. ಸುಕ್ಕು ಬೀಳದ ಲಿನನ್ ಅಂತ ಮಾರುತ್ತಾರಲ್ಲ, ಅದಕ್ಕೆ ರಾಳ ಹಚ್ಚಿರುತ್ತಾರೆ, ಇಲ್ಲವೇ ಪಾಲಿಯೆಸ್ಟರ್ ಕಲಸಿರುತ್ತಾರೆ.

ಸುಕ್ಕು ಅಂದರೆ ನಮಗೆ ಬಡತನ, ಇಲ್ಲವೇ ಸೋಮಾರಿತನ. ಲಿನನ್ ಸೀರೆ ಉಟ್ಟು ರೈಲಿನಲ್ಲಿ ಊರಿಗೆ ಹೋದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ನೋಡುತ್ತಾರೆ. "ಅಲ್ಲಬೇ, ನೌಕರಿ ಮಾಡಾಕಿ ನೀ. ಸೀರಿ ಹಿಂಗ ಮುದ್ದಿ ಆಗ್ಯಾದಲ್ಲ, ಮಂದಿ ಏನ ಅನ್ಬೇಕು?" ಇಲ್ಲಿ ಸ್ಟಾಫ್ ರೂಮಿನಲ್ಲಿ ಸ್ವಲ್ಪ ನಯವಾಗಿ ಕೇಳುತ್ತಾರೆ, "ಬೆಳಿಗ್ಗೆ ಕರೆಂಟ್ ಇರ್ಲಿಲ್ವಾ ಮೇಡಂ?" ಗಂಡಸು ಸುಕ್ಕಾದ ಲಿನನ್ ಶರ್ಟು ತೊಟ್ಟರೆ ಸ್ಟೈಲು, ಹೆಂಗಸು ಸುಕ್ಕಾದ ಸೀರೆ ಉಟ್ಟರೆ ಮನೆಯಲ್ಲಿ ಏನೋ ತಾಪತ್ರಯ. ಇದನ್ನು ನಾನು ತುಂಬಾ ಸಲ ಗಮನಿಸಿದ್ದೇನೆ.

ಸರ್ಕಾರಕ್ಕೂ ಬಿಸಿಲು ಅರ್ಥವಾಗುತ್ತದೆ, ಒಪ್ಪುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಯ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ವಕೀಲರಿಗೂ ಬೇಸಿಗೆಯಲ್ಲಿ ಕರಿಕೋಟು ಕಡ್ಡಾಯವಲ್ಲ ಅಂತ ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ, ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು. ಗಡಿಯಾರವನ್ನೇ ತಿರುಗಿಸಲು ತಯಾರಿರುವವರು ಸುಕ್ಕು ಬಿದ್ದ ಅಂಗಿಯನ್ನು ಮಾತ್ರ ಒಪ್ಪುವುದಿಲ್ಲ. ಮಕ್ಕಳ ಯೂನಿಫಾರ್ಮ್ ನೋಡಿ, ಇವತ್ತಿಗೂ ಪಾಲಿಯೆಸ್ಟರ್ ಕಲಸಿದ ಟೆರಿಕಾಟ್. ಯಾಕೆ ಅಂದರೆ ಇಸ್ತ್ರಿ ನಿಲ್ಲುತ್ತದೆ, ಬೇಗ ಹರಿಯುವುದಿಲ್ಲ. ಮಧ್ಯಾಹ್ನದ ಪಿರಿಯಡ್ಡಿನಲ್ಲಿ ಆ ಮಗುವಿನ ಬೆನ್ನು ಏನಾಗಿರುತ್ತದೆ ಅಂತ ಕೇಳುವವರಿಲ್ಲ.

ಇಸ್ತ್ರಿ ಮಾಡಲೇಬೇಕು ಅನ್ನುವವರಿಗೆ ಒಂದು ಉಪಾಯ ಇದೆ, ನಮ್ಮ ಬೀದಿಯ ಇಸ್ತ್ರಿ ಗಾಡಿಯವರು ಹೇಳಿಕೊಟ್ಟದ್ದು. ಒಣಗಿಸಿ ತಂದ ಲಿನನ್ ಅನ್ನು ಅವರು ಮುಟ್ಟುವುದೇ ಇಲ್ಲ. "ಅರ್ಧ ಒದ್ದೆ ಇರುವಾಗ್ಲೇ ತನ್ನಿ ಅಕ್ಕಾ, ಒಣಗಿದ್ರೆ ನಾನು ಏನು ಗುದ್ದಿದ್ರೂ ಬಗ್ಗುದಿಲ್ಲ." ಅದು ಸರಿ. ಈ ನಾರು ಒದ್ದೆಯಾದಾಗ ಇನ್ನೂ ಗಟ್ಟಿ, ಒಣಗಿದಾಗ ಮಡಿಕೆಯಲ್ಲಿ ಮುರಿಯುವ ಸ್ವಭಾವದ್ದು. ಅದಕ್ಕೇ ಸೀರೆಯನ್ನು ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಡಬಾರದು, ಅದೇ ಗೆರೆಯಲ್ಲಿ ಸೀಳುತ್ತದೆ. ಆಗಾಗ ಬಿಚ್ಚಿ ಬೇರೆ ಕಡೆ ಮಡಚಬೇಕು. ಒಗೆಯಲು ತಣ್ಣೀರು, ಮೆದು ಸೋಪು, ನೆರಳಲ್ಲಿ ಒಣಗಿಸುವುದು. ಇದಕ್ಕಿಂತ ಹೆಚ್ಚಿನ ಉಪಚಾರ ಅದಕ್ಕೆ ಬೇಡ. ಒಗೆದಷ್ಟೂ ಮೆತ್ತಗಾಗುತ್ತದೆ.

ಯಾರಾದರೂ ಮೊದಲ ಸಲ ಕೊಳ್ಳುವುದಾದರೆ ಸೀರೆ ಬೇಡ, ಒಂದು ಕುರ್ತಾ ಅಥವಾ ಶರ್ಟು ಹೊಲಿಸಿ ನೋಡಿ. ಹೊಲಿಸುವ ಮೊದಲು ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿ, ಕುಗ್ಗುವುದು ಆಗಲೇ ಕುಗ್ಗಲಿ. ಕಂಕುಳ ಹತ್ತಿರ ಧಾರಾಳವಾಗಿ ಬಿಡಲು ಹೇಳಿ. ಲಿನನ್ ಹಿಗ್ಗುವುದಿಲ್ಲ, ಬಿಗಿ ಹೊಲಿದರೆ ಕೈ ಎತ್ತಿದಾಗ ಹೊಲಿಗೆಯೇ ಬಿಡುತ್ತದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವವರಿಗೆ ಇದು ಗೊತ್ತಿರಬೇಕು. ಒಳಗೆ ಲೈನಿಂಗ್ ಅಂತೂ ಬೇಡ, ಹಾಕಲೇಬೇಕಾದರೆ ತೆಳು ಮಲ್‌ಮಲ್. ಇದೆಲ್ಲ ಟೈಲರ್‌ಗೆ ಒಪ್ಪಿಸುವುದೇ ದೊಡ್ಡ ಕೆಲಸ. ನಮ್ಮ ಟೈಲರ್ ಅಳತೆ ಪಟ್ಟಿ ಕುತ್ತಿಗೆಗೆ ಹಾಕಿಕೊಂಡು, ನಾನು ಹೇಳಿದ ಎರಡಿಂಚು ಸಡಿಲವನ್ನು ಒಂದಿಂಚಿಗೆ ಇಳಿಸಲು ಪ್ರತಿ ಸಲವೂ ಚೌಕಾಶಿ ಮಾಡುತ್ತಾರೆ. ನಾನು ಜಗ್ಗುವುದಿಲ್ಲ. ಕೊನೆಗೆ ಸೋತು ಬರೆದುಕೊಳ್ಳುತ್ತಾ ಹೇಳುತ್ತಾರೆ, "ಆಯ್ತು ಮೇಡಂ, ನೀವು ಹೇಳಿದ ಹಾಗೇ ಮಾಡ್ತೇನೆ. ಆದ್ರೆ ಇದನ್ನು ನನ್ನತ್ರ ಹೊಲಿಸಿದ್ದು ಅಂತ ಮಾತ್ರ ಯಾರಿಗೂ ಹೇಳ್ಬೇಡಿ."